ನೂರು ಮೀಟರ್ ದಾರಿ

(ಬೀದರ್ ನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸವೆಂದರೆ ನಮ್ಮ ಕಡೆ ವಚನ ಸಾಹಿತ್ಯ ಇರಬೇಕು, ಇಲ್ಲವೇ ಹೈದರಾಬಾದ್ ವಿಮೋಚನೆಯ ಚರಿತ್ರೆ ಇರಬೇಕು. ಚಂದ್ರನ ಮೇಲೆ ಹತ್ತು ದಿನ ಓಡಾಡಿ ನಿಂತುಹೋದ ಆರು ಗಾಲಿಯ ಗಾಡಿಯೊಂದರ ಫೋಟೋಗಳ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಮೆಲ್ಲಗೆ ಕೇಳಿದರು: "ಬೀದರಿಗೂ ಅದಕ್ಕೂ ಏನ್ ಸಂಬಂಧ ಅದರಿ ಸರ್?"

ಪ್ರಶ್ನೆ ನ್ಯಾಯವಾದದ್ದೇ. ಗಾಡಿ ಇಲ್ಲಿ ತಯಾರಾಗಲಿಲ್ಲ, ರಾಕೆಟ್ ಇಲ್ಲಿಂದ ಹಾರಲಿಲ್ಲ. ನಮ್ಮ ಊರಿನ ಆಕಾಶದಲ್ಲಿ ದಿನಾ ಸದ್ದು ಮಾಡುವುದು ವಾಯುಪಡೆಯ ತರಬೇತಿ ವಿಮಾನಗಳು. ಸೂರ್ಯಕಿರಣ ತಂಡ ಬಾಲ ಬಿಟ್ಟು ಹಾರುವಾಗ ನಾವೆಲ್ಲ ಕತ್ತೆತ್ತಿ ನೋಡಿದವರೇ. ಇತಿಹಾಸಕ್ಕೆ ಹೋದರೆ, ಫಿರೋಜ್ ಷಾ ಬಹಮನಿ 1407ರಲ್ಲಿ ದೌಲತಾಬಾದಿನ ಬಳಿ ವೇಧಶಾಲೆ ಕಟ್ಟಿಸಲು ಹೊರಟಿದ್ದ, ಅದರ ಹೊಣೆ ಹೊತ್ತ ಪಂಡಿತ ತೀರಿಕೊಂಡದ್ದರಿಂದ ಕೆಲಸ ಅರ್ಧಕ್ಕೆ ನಿಂತಿತು ಎಂದು ಚರಿತ್ರೆಕಾರ ಫೆರಿಷ್ತಾ ಬರೆದಿದ್ದಾನೆ. ಆಗಿನ್ನೂ ರಾಜಧಾನಿ ಕಲಬುರಗಿ. ಬೀದರಿಗೆ ಬಂದದ್ದು ಅವನ ತಮ್ಮನ ಕಾಲಕ್ಕೆ. ಅದನ್ನು ಎಳೆದು ತಂದು ನಮ್ಮ ಊರಿಗೆ ಗಂಟು ಹಾಕಲು ನನಗೆ ಮನಸ್ಸಿಲ್ಲ. ನಾನು ಹೇಳಹೊರಟ ಸಂಬಂಧ ನೋಡಿದವರದು. ಆ ಹತ್ತು ದಿನ ಗಾಡಿಯ ಬೆನ್ನು ಹತ್ತಿದ ಕೆಲವರು ಈ ಜಿಲ್ಲೆಯಲ್ಲಿದ್ದರು. ಅವರಲ್ಲಿ ನಾನೂ ಒಬ್ಬ.

2023ರ ಆಗಸ್ಟ್ 23, ಬುಧವಾರ. ಎರಡು ದಿನದ ಹಿಂದಷ್ಟೇ ನಾಗರ ಪಂಚಮಿ ಮುಗಿದಿತ್ತು, ಭಾಲ್ಕಿಯ ನಮ್ಮ ಮನೆಯಲ್ಲಿ ಉಂಡಿಯ ಡಬ್ಬಿ ಇನ್ನೂ ಖಾಲಿಯಾಗಿರಲಿಲ್ಲ. ಓಣಿಯ ಹದಿನೈದು ಇಪ್ಪತ್ತು ಮಂದಿ ಸೇರಿದ್ದರು. ಸಂಜೆ 6 ಗಂಟೆ 4 ನಿಮಿಷಕ್ಕೆ, ಗಾಡಿಯನ್ನು ಹೊತ್ತ ಚಂದ್ರಯಾನ 3ರ ನೌಕೆ ವಿಕ್ರಮ್ ಚಂದ್ರನ ನೆಲ ಮುಟ್ಟಬೇಕು. ಸರಿಯಾಗಿ 6ಕ್ಕೆ ನಮ್ಮ ಟಿವಿಯ ಚಿತ್ರ ಗಿರಗಿರ ತಿರುಗಿ ನಿಂತಿತು, ನೆಟ್‌ವರ್ಕ್ ಹೋಗಿತ್ತು. ಯಾವ ಕಂಪನಿ ಎಂದು ಹೇಳುವುದು ಬೇಡ, ನಿಮಗೆಲ್ಲ ಅನುಭವ ಇದೆ. ಎಲ್ಲರೂ ಅಂಗಳಕ್ಕೆ ಓಡಿದೆವು. ಮೋಡದ ಸಂದಿನಲ್ಲಿ ತೆಂಕಣ ದಿಕ್ಕಿಗೆ ಅರ್ಧ ಚಂದ್ರ ಇದ್ದ. ಅವತ್ತು ಶುಕ್ಲ ಪಕ್ಷದ ಸಪ್ತಮಿಯ ಆಸುಪಾಸು. ಪಕ್ಕದ ಮನೆಯಿಂದ ಪಟಾಕಿ ಸದ್ದು ಬಂದಾಗಲೇ ಇಳಿದದ್ದು ಖಾತ್ರಿಯಾಯಿತು. ಅದೇ ಹೊತ್ತಿಗೆ ಯೂಟ್ಯೂಬಿನಲ್ಲಿ 80 ಲಕ್ಷಕ್ಕೂ ಹೆಚ್ಚು ಮಂದಿ ಒಟ್ಟಿಗೆ ನೋಡುತ್ತಿದ್ದರಂತೆ. ನಾವು ಟಿವಿ ಬಿಟ್ಟು ಚಂದ್ರನನ್ನೇ ನೋಡುತ್ತಿದ್ದೆವು. ಈಗ ಯೋಚಿಸಿದರೆ ಅದೇ ಒಳ್ಳೆಯದಾಯಿತು ಅನಿಸುತ್ತದೆ.

ಮರುದಿನದಿಂದ ಜನ ಅವರವರ ಕೆಲಸಕ್ಕೆ ಹೋದರು. ಹೆಸರುಕಾಳಿನ ರಾಶಿಯ ಕಾಲ, ಯಾರನ್ನು ದೂರಲಾದೀತು? ಉಳಿದವರು ಮೂವರು. ಒಬ್ಬ ನಾನು, ನಿವೃತ್ತ ವಿಜ್ಞಾನ ಮಾಸ್ತರ. ಇನ್ನೊಬ್ಬ ನನ್ನ ಹಳೆಯ ವಿದ್ಯಾರ್ಥಿ, ಔರಾದಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವನು. ಮೂರನೆಯವನು ಅವನ ಸೋದರಮಾವ, ಬೀದರಿನ ಸುತ್ತ ಬೋರ್‌ವೆಲ್ ಲಾರಿ ಓಡಿಸುವ ಮನುಷ್ಯ, ಓದಿದ್ದು ಏಳನೆಯ ಇಯತ್ತೆ. ದಿನಾ ರಾತ್ರಿ ಫೋನ್ ಬರುತ್ತಿತ್ತು. ಊಟ ಆಯಿತೇ ಎಂಬ ಮಾತೂ ಇಲ್ಲ. ಮೊದಲ ಪ್ರಶ್ನೆಯೇ "ಗಾಡಿ ಎಲ್ಲಿತನಾ ಬಂದದ?"

ಆ ಗಾಡಿಯ ಅಳತೆ ಕೇಳಿ. ಪ್ರಜ್ಞಾನ್ ಎಂದು ಅದರ ಹೆಸರು. ತೂಕ 26 ಕಿಲೋ, ಎರಡು ಪುಟ್ಟ ಚೀಲ ಜೋಳದಷ್ಟು. ಉದ್ದ ಸುಮಾರು ಮೂರಡಿ. ಬೆನ್ನಿಗಿದ್ದ ಸೌರ ಫಲಕ ಕೊಡುವ ವಿದ್ಯುತ್ತು 50 ವ್ಯಾಟ್. ನಮ್ಮ ಮನೆಯ ಹಳೆಯ ಸೀಲಿಂಗ್ ಫ್ಯಾನು ತಿರುಗುವುದಕ್ಕೂ ಅದು ಸಾಲದು. ವೇಗ ಸೆಕೆಂಡಿಗೆ 1 ಸೆಂಟಿಮೀಟರ್. ಅದೂ ಒಂದೇ ಸಮನೆ ಅಲ್ಲ. ಮುಂದುಗಡೆ ಎರಡು ಕ್ಯಾಮೆರಾ, ನಮ್ಮ ಎರಡು ಕಣ್ಣಿನ ಹಾಗೆ ಅಕ್ಕಪಕ್ಕ. ಎರಡೂ ಒಂದೇ ನೋಟವನ್ನು ತುಸು ಬೇರೆ ಬೇರೆ ಕಡೆಯಿಂದ ತೆಗೆಯುತ್ತವೆ, ಕಪ್ಪು ಬಿಳುಪಿನಲ್ಲಿ. ಗಾಡಿಗೆ ನೇರವಾಗಿ ನಮ್ಮೊಡನೆ ಮಾತಾಡುವ ಶಕ್ತಿ ಇರಲಿಲ್ಲ. ಅದು ವಿಕ್ರಮ್‌ಗೆ ಹೇಳಬೇಕು, ವಿಕ್ರಮ್ ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ 32 ಮೀಟರ್ ಅಗಲದ ಬುಟ್ಟಿಯಂಥ ಆಂಟೆನಾಕ್ಕೆ ಹೇಳಬೇಕು. ಅಲ್ಲಿಂದ ಬಂದ ಎರಡು ಚಿತ್ರಗಳನ್ನು ಜೋಡಿಸಿ ನೆಲದ ಉಬ್ಬು ತಗ್ಗಿನ ನಕ್ಷೆ ಮಾಡುತ್ತಿದ್ದರು. ಆ ನಕ್ಷೆ ಹೆಚ್ಚೆಂದರೆ ಐದು ಮೀಟರಿನಷ್ಟು ಮುಂದಿನದು. ದಾರಿ ಗುರುತಿಸಿ, ಲೆಕ್ಕ ಹಾಕಿ, ಆಜ್ಞೆ ಮೇಲಕ್ಕೆ ಕಳಿಸಬೇಕು. ಹೀಗೆ ಒಂದು ಸಲ ಸರಿದು ಇನ್ನೊಂದು ಸಲ ಸರಿಯುವುದಕ್ಕೆ ಐದು ತಾಸು ಬೇಕಾಗುತ್ತಿತ್ತು.

ಕರೆಂಟು ಇಲ್ಲದ ರಾತ್ರಿ ಬ್ಯಾಟರಿ ಬಿಟ್ಟುಕೊಂಡು ಹೊಲದ ಬದುವಿನ ಮೇಲೆ ನಡೆದವರಿಗೆ ಇದು ಗೊತ್ತು. ಬೆಳಕು ಬಿದ್ದಷ್ಟೇ ನೆಲ. ಅಷ್ಟು ನಡೆ, ನಿಲ್ಲು, ಮತ್ತೆ ಬೆಳಕು ಬಿಡು.

ಆಗಸ್ಟ್ 27ರಂದು ಗಾಡಿಯ ಎದುರಿಗೆ, ಮೂರು ಮೀಟರ್ ದೂರದಲ್ಲಿ, ನಾಲ್ಕು ಮೀಟರ್ ಅಗಲದ ಕುಳಿ ಕಾಣಿಸಿತು. ಹಿಂದಕ್ಕೆ ಸರಿ ಎಂದು ಆಜ್ಞೆ ಹೋಯಿತು. ಮರುದಿನ ಇಸ್ರೋ ಎರಡು ಚಿತ್ರ ಕೊಟ್ಟಿತು. ಒಂದರಲ್ಲಿ ಕುಳಿ, ಇನ್ನೊಂದರಲ್ಲಿ ತಿರುಗಿ ಹೋದ ಗಾಲಿಯ ಗೆರೆಗಳು. ನನಗೆ ಇಡೀ ಹತ್ತು ದಿನದಲ್ಲಿ ಬಹಳ ಹಿಡಿಸಿದ್ದು ಈ ಎರಡನೆಯದು. ಅದರಲ್ಲಿ ಬಂದ ದಾರಿಯೂ ಇದೆ, ಬಿಟ್ಟ ದಾರಿಯೂ ಇದೆ. ಔರಾದಿನ ಹುಡುಗ ಆ ರಾತ್ರಿ ಹೇಳಿದ, "ಸರ್, ಇವತ್ತ ಗಾಡಿ ಹಿಂದ ಸರದದ. ಖರೇ ಹೇಳ್ಬೇಕಂದ್ರ ಇವತ್ತೇ ನನಗ ಅದು ಜೀವಂತ ಅದ ಅನಸ್ತು." ಇಳಿದ ದಿನದ ಚಪ್ಪಾಳೆಯಲ್ಲಿ ಇರದ ಯಾವುದೋ ಒಂದು ಆ ಮಾತಿನಲ್ಲಿತ್ತು.

ಹಿಂದಿನ ಎರಡು ಗಾಲಿಗಳಲ್ಲಿ ರಾಷ್ಟ್ರಲಾಂಛನ ಮತ್ತು ಇಸ್ರೋ ಗುರುತು ಕೊರೆದಿದ್ದರು, ನಡೆದಲ್ಲೆಲ್ಲ ಅಚ್ಚು ಮೂಡಲಿ ಎಂದು. ಅಚ್ಚು ಅಂದುಕೊಂಡಷ್ಟು ಸ್ಪಷ್ಟವಾಗಿ ಮೂಡಲಿಲ್ಲ. ಟಿವಿಯವರಿಗೆ ಅದು ಬೇಸರದ ಸುದ್ದಿ. ನಮಗೆ ಅದೇ ಪಾಠ. ಹುಡಿ ಮಣ್ಣಿನ ಮೇಲೆ ಅಚ್ಚು ಚೆನ್ನಾಗಿ ಕೂರುತ್ತದೆ, ಹೆಂಟೆಗಟ್ಟುವ ಮಣ್ಣಿನ ಮೇಲೆ ಒಡೆಯುತ್ತದೆ. ಎರಿ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿದವನಿಗೆ ಇದನ್ನು ಯಾರೂ ಬೋರ್ಡಿನ ಮೇಲೆ ಬರೆದು ಹೇಳಬೇಕಿಲ್ಲ. ಮೂಡದ ಅಚ್ಚೇ ಅಲ್ಲಿನ ಮಣ್ಣಿನ ಗುಣ ಹೇಳುತ್ತಿತ್ತು.

ಆಗಸ್ಟ್ 30, ನೂಲ ಹುಣ್ಣಿಮೆ. ಬೆಳಿಗ್ಗೆ 7 ಗಂಟೆ 35 ನಿಮಿಷಕ್ಕೆ ಪ್ರಜ್ಞಾನ್ ಸುಮಾರು 15 ಮೀಟರ್ ದೂರದಿಂದ ವಿಕ್ರಮನ ಫೋಟೋ ತೆಗೆಯಿತು. 'ಸ್ವಲ್ಪ ನಗಿ' ಎಂಬರ್ಥದ ಒಕ್ಕಣೆಯೊಡನೆ ಇಸ್ರೋ ಅದನ್ನು ಹಂಚಿತು. ತಂಗಿಯರು ರಾಖಿ ಕಟ್ಟಿ, ಎಲ್ಲರೂ ಮನೆಮನೆಗಳಲ್ಲಿ ಫೋಟೋ ತೆಗೆಸಿಕೊಳ್ಳುವ ದಿನ ಅದು. ರಾತ್ರಿ ಚಂದ್ರ ಎಂದಿಗಿಂತ ದೊಡ್ಡದಾಗಿ ಹೊಳೆಯುತ್ತಿದ್ದ; ಭೂಮಿಗೆ ಹತ್ತಿರ ಬಂದ ಹುಣ್ಣಿಮೆ. ಮಕ್ಕಳು ತಟ್ಟೆಯ ಕೆಳ ಅಂಚಿಗೆ ಬೆರಳು ಮಾಡಿ "ಅಲ್ಲೇ ಅದ" ಎನ್ನುತ್ತಿದ್ದರು. ಇಳಿದ ಜಾಗ ದಕ್ಷಿಣಕ್ಕೆ ಸುಮಾರು 69 ಡಿಗ್ರಿ, ಆದ್ದರಿಂದ ಬೆರಳು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ಇಲ್ಲಿ ವಿಕ್ರಮ್ ಹೊತ್ತೊಯ್ದಿದ್ದ ಒಂದು ಉಪಕರಣದ ಮಾತು ಹೇಳಿಬಿಡುತ್ತೇನೆ. ಇಲ್ಸಾ ಎಂದು ಅದರ ಹೆಸರು, ನೆಲದ ನಡುಕ ಕೇಳುವ ಕಿವಿ. ಆಗಸ್ಟ್ 25ರಂದು ಅದು ಪ್ರಜ್ಞಾನದ ಗಾಲಿ ಸರಿದ ಕಂಪನವನ್ನು ದಾಖಲಿಸಿತು. 26ರಂದು ಇನ್ನೊಂದು ಕಂಪನ. ಅದು ಗಾಡಿಯದಲ್ಲ, ಸಹಜವಾದದ್ದಿರಬೇಕು ಎಂದು ಇಸ್ರೋ ಹೇಳಿತು. ಸುದ್ದಿ ಓದಿ ಹೇಳಿದಾಗ ಪಕ್ಕದ ಮನೆಯ ಅಜ್ಜಿ ಕೇಳಿದ್ದು ಒಂದೇ ಮಾತು: "ಅಲ್ಲೂ ಕಿಲ್ಲಾರಿ ಆಗ್ತದೇನು?" 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಡಿಯಾಚೆ ಕಿಲ್ಲಾರಿಯಲ್ಲಿ ನೆಲ ಅಲುಗಿದಾಗ ಭಾಲ್ಕಿ, ಬಸವಕಲ್ಯಾಣದ ಜನ ಹಾಸಿಗೆಯಿಂದ ಎದ್ದು ಬೀದಿಗೆ ಬಂದಿದ್ದರು. ಆ ಮೇಲೆ ಎಷ್ಟೋ ರಾತ್ರಿ ಅಂಗಳದಲ್ಲೇ ಮಲಗಿದವರು ಈ ಸಭೆಯಲ್ಲೂ ಇದ್ದೀರಿ. ಅಜ್ಜಿಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಉದ್ದವಾಯಿತು, ಆಕೆ ನಡುವೆಯೇ ನಿದ್ದೆ ಹೋದಳು. ಪ್ರಶ್ನೆ ಮಾತ್ರ ಯಾವ ವಿಜ್ಞಾನಿ ಕೇಳಿದ್ದರೂ ಸಲ್ಲುವಂಥದು.

ಇನ್ನು ಬೋರ್‌ವೆಲ್ ಮಾಮಾನ ಮಾತು. ಅವನಿಗೆ ನಾನು ಮಂಗಳನ ಚಿತ್ರಗಳನ್ನೂ ತೋರಿಸುತ್ತಿದ್ದೆ. ಕ್ಯೂರಿಯಾಸಿಟಿ ಎಂಬ ಅಮೆರಿಕದ ಗಾಡಿ 2012ರಿಂದ, ಪರ್ಸಿವಿಯರೆನ್ಸ್ 2021ರಿಂದ ಅಲ್ಲಿ ಓಡಾಡುತ್ತಿವೆ. ಈ ಎರಡನೆಯದು ನೆಲ ಮುಟ್ಟಿತೆಂದು ಜಗತ್ತಿಗೆ ಹೇಳಿದ ದನಿ ಸ್ವಾತಿ ಮೋಹನ್ ಅವರದು, ಬೆಂಗಳೂರಿನಲ್ಲಿ ಹುಟ್ಟಿದವರು. ಕೆಂಪು ನೆಲ, ಕೆಂಪು ಬಂಡೆ, ಕೆಂಪು ಧೂಳು ನೋಡಿದೊಡನೆ ಬೀದರಿನ ಹುಡುಗರು "ನಮ್ಮ ಕೋಟೆ ಕಂದಕ" ಎನ್ನುತ್ತಾರೆ. ಹೋಲಿಕೆ ಸುಳ್ಳಲ್ಲ, ಎರಡೂ ಕಡೆ ಬಣ್ಣ ಕೊಟ್ಟದ್ದು ಕಬ್ಬಿಣದ ತುಕ್ಕು. ಆದರೆ ನಮ್ಮ ಜಂಬಿಟ್ಟಿಗೆ ಕಲ್ಲು ಲಕ್ಷಾಂತರ ವರ್ಷದ ಮಳೆ ಬಿಸಿಲಿಗೆ ಬಂಡೆ ಕೊಳೆತು ಆದದ್ದು. ಮಂಗಳದ್ದು ಮೇಲೆ ಕುಳಿತ ಧೂಳು.

2013ರ ಫೆಬ್ರವರಿಯಲ್ಲಿ ಕ್ಯೂರಿಯಾಸಿಟಿ ಮೊದಲ ಸಲ ಬಂಡೆ ಕೊರೆದಾಗಿನ ಚಿತ್ರ ತೋರಿಸಿದೆ. ಆರು ಸೆಂಟಿಮೀಟರ್ ಚಿಲ್ಲರೆ ಆಳದ ಒಂದು ತೂತು, ಸುತ್ತ ಬಿದ್ದ ಪುಡಿ. ಮಾಮಾ ಕಣ್ಣು ಕಿರಿದು ಮಾಡಿ ನೋಡಿದ. "ಮ್ಯಾಲ ಕೆಂಪು ಅದ, ಪುಡಿ ಬೂದಿ ಬಣ್ಣ ಬಂದದಲ್ಲ! ಬೀದರ್ ಊರಾಗ ಬೋರ್ ಹಾಕದ್ರ ಹಿಂಗೇ ಬರ್ತದ. ಮೊದಲ ಕೆಂಪು, ಆಮ್ಯಾಲ ಬಿಳಿ ಸುದ್ದಮಣ್ಣಿನಂಥದು, ಅದರ ಕೆಳಗ ಕರಿಕಲ್ಲು. ಔರಾದಿಗೆ ಹೋದ್ರ ಕೆಂಪು ಇಲ್ಲೇ ಇಲ್ಲ, ಸೀದಾ ಕರಿ."

ಭೂವಿಜ್ಞಾನದ ಪುಸ್ತಕ ಹೇಳುವುದೂ ಇದನ್ನೇ. ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖಣದ ಮೇಲೆ ಲಾವಾ ಹರಿದು ಪದರ ಪದರವಾಗಿ ಕಪ್ಪು ಬಸಾಲ್ಟ್ ಆಯಿತು. ಬೀದರ್ ನಗರ ಕುಳಿತಿರುವ ಎತ್ತರದ ಬಯಲಲ್ಲಿ ಅದರ ಮೇಲ್ಭಾಗ ಕೊಳೆತು ಕೆಂಪು ಟೊಪ್ಪಿಗೆಯಾಯಿತು. ಭಾಲ್ಕಿ, ಔರಾದಿನ ತಗ್ಗಿನಲ್ಲಿ ಎರಿಭೂಮಿಯಾಯಿತು. ಕೆಂಪು ಕಲ್ಲು ನೀರು ಕುಡಿದು ಕೆಳಗಿಳಿಸುತ್ತದೆ, ಕೆಳಗಿನ ಕರಿಕಲ್ಲು ತಡೆಯುತ್ತದೆ; ಆ ಸಂದಿನ ನೀರನ್ನು ಹಿಡಿದೇ ನೌಬಾದಿನ ಸುರಂಗ ಬಾವಿ ಹರಿದದ್ದು. ಮಂಗಳದ ಧೂಳಿನ ಕೆಳಗಿರುವುದೂ ಬಹುಪಾಲು ಬಸಾಲ್ಟೇ, ಅಥವಾ ಅದು ಸವೆದು ಆದದ್ದು. ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಕೊರೆದ ಪುಡಿಯನ್ನು ನೋಡಿ ಒಳಗಿನ ಬಂಡೆ ಹೇಳುವ ಈ ಪಾಠವನ್ನು ಇಷ್ಟು ಚೆನ್ನಾಗಿ ಒಮ್ಮೆಯೂ ಮಾಡಿಲ್ಲ. ನೋಡುವುದು ಬೇರೆ, ಓದುವುದು ಬೇರೆ ಎಂದು ನಾನು ಹೇಳಬೇಕಾದದ್ದನ್ನು ಮಾಮಾ ಆಗಲೇ ಮಾಡಿ ತೋರಿಸಿದ್ದ.

ಹೀಗೆ ಓದಬೇಕಾದರೆ ಚಿತ್ರ ಕೈಗೆ ಸಿಗಬೇಕು. ಇಲ್ಲಿ ನನ್ನದೊಂದು ತಕರಾರು ಇದೆ. 2004ರಲ್ಲಿ ಸ್ಪಿರಿಟ್ ಮತ್ತು ಆಪರ್ಚುನಿಟಿ ಗಾಡಿಗಳು ಮಂಗಳಕ್ಕೆ ಇಳಿದಾಗಲೇ ನಾಸಾದವರು ಬಂದ ಚಿತ್ರಗಳನ್ನು, ತಿದ್ದಿ ತೀಡದೆ, ಬಂದ ಹಾಗೆಯೇ ಎಲ್ಲರೆದುರು ಇಡಲು ಶುರುಮಾಡಿದರು. ವಿಜ್ಞಾನಿಗಿಂತ ಮೊದಲೇ ಯಾವುದೋ ಊರಿನ ಹವ್ಯಾಸಿ ಅದನ್ನು ನೋಡುವುದು ಸಾಧ್ಯವಾಯಿತು. ಅವರು ಚಿತ್ರ ಜೋಡಿಸಿ ವಿಶಾಲ ನೋಟ ಕಟ್ಟಿದರು, ಬಣ್ಣ ಸರಿಮಾಡಿದರು. ಪರ್ಸಿವಿಯರೆನ್ಸ್ ಇಳಿದ ಪ್ಯಾರಾಚೂಟಿನ ಬಿಳಿ ಕಿತ್ತಳೆ ಪಟ್ಟಿಗಳಲ್ಲಿ ಬಚ್ಚಿಟ್ಟಿದ್ದ ಸಂಕೇತವನ್ನು ಕೆಲವೇ ಗಂಟೆಗಳಲ್ಲಿ ಬಿಡಿಸಿದ್ದೂ ಇಂಥ ಹವ್ಯಾಸಿಗಳೇ. ನಮ್ಮವರಿಗೆ ಆ ಯೋಗ್ಯತೆ ಇಲ್ಲವೆಂದಲ್ಲ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ 2ರ ವಿಕ್ರಮ್ ಅಪ್ಪಳಿಸಿ ಕಾಣೆಯಾದಾಗ ಅದರ ಚೂರನ್ನು ನಾಸಾದ ಉಪಗ್ರಹ ಚಿತ್ರದಲ್ಲಿ ಹುಡುಕಿ ಕೊಟ್ಟದ್ದು ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್. ಹಳೆಯ ಚಿತ್ರ ಒಂದು ಕಡೆ, ಹೊಸ ಚಿತ್ರ ಒಂದು ಕಡೆ ಇಟ್ಟುಕೊಂಡು ರಾತ್ರಿಗಟ್ಟಲೆ ಚುಕ್ಕೆಗೆ ಚುಕ್ಕೆ ತಾಳೆ ನೋಡಿದರು. ಆ ಡಿಸೆಂಬರಿನಲ್ಲಿ ನಾಸಾ ಒಪ್ಪಿಕೊಂಡಿತು. ಗಮನಿಸಿ, ಆ ಚಿತ್ರ ಸಿಕ್ಕದ್ದು ನಾಸಾದಿಂದ.

ಪ್ರಜ್ಞಾನದ ಚಿತ್ರಗಳು ನಮಗೆ ಬಂದದ್ದು ಪ್ರಸಾದದ ಹಾಗೆ, ದಿನಕ್ಕೊಂದು, ಎರಡು ದಿನಕ್ಕೊಂದು. ಐದು ವೈಜ್ಞಾನಿಕ ಉಪಕರಣಗಳ ದತ್ತಾಂಶ ಎಲ್ಲರಿಗೂ ತೆರೆದದ್ದು ಸರಿಯಾಗಿ ಒಂದು ವರ್ಷದ ನಂತರ, 2024ರ ಆಗಸ್ಟ್ 23ರಂದು. ಎಚ್ಚರದಿಂದ ನಡೆಯುವ ಸಂಸ್ಥೆಯ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಹೇಳುತ್ತೇನೆ: ಬಿಸಿಯಾಗಿದ್ದಾಗ ಬಡಿಸದ ರೊಟ್ಟಿ ಅದು. ಒಂದು ವರ್ಷದ ಹೊತ್ತಿಗೆ ನನ್ನ ಓಣಿಯಲ್ಲಿ ಕೇಳುವವರು ಯಾರೂ ಉಳಿದಿರಲಿಲ್ಲ.

ಎರಡನೆಯ ತಕರಾರು ಭಾಷೆಯದು. ಆಗಸ್ಟ್ 31ರಂದು ಗಾಡಿ ಸುರಕ್ಷಿತ ದಾರಿ ಹುಡುಕುತ್ತ ನಿಂತಲ್ಲೇ ತಿರುಗುವ ವಿಡಿಯೋ ಬಂತು, ವಿಕ್ರಮನ ಕ್ಯಾಮೆರಾ ತೆಗೆದದ್ದು. ಅಂಗಳದಲ್ಲಿ ಆಡುವ ಮಗುವನ್ನು ತಾಯಿ ನೋಡುವ ಹಾಗೆ ಎಂದು ಇಸ್ರೋದವರೇ ಬಣ್ಣಿಸಿದ್ದರು. ಆ ಇಂಗ್ಲಿಷ್ ಒಕ್ಕಣೆಯ ನಡುವೆ 'ಚಂದಾಮಾಮ' ಎಂಬ ಒಂದು ಶಬ್ದವಿತ್ತು. ನಮ್ಮ ಅಜ್ಜಿಗೆ ಅಷ್ಟೇ ತಿಳಿದದ್ದು. ಗಾಡಿಯ ಕಣ್ಣು, ಗಂಧಕವನ್ನು ಪತ್ತೆಹಚ್ಚಿದ ಲೇಸರ್ ಉಪಕರಣ, ನಡುಕ ಕೇಳುವ ಕಿವಿ, ಮೂರೂ ತಯಾರಾದದ್ದು ಬೆಂಗಳೂರಿನ ಲಿಯೋಸ್ ಪ್ರಯೋಗಾಲಯದಲ್ಲಿ. ಮಾತು ಕೇಳಿಸಿಕೊಂಡ ಬುಟ್ಟಿ ಬ್ಯಾಲಾಳುವಿನದು. ಆದರೂ ಔರಾದಿನ ಏಳನೆಯ ಇಯತ್ತೆಯ ಹುಡುಗಿ ಅದರ ಚಿತ್ರದ ಕೆಳಗೆ ಕನ್ನಡದ ನಾಲ್ಕು ಸಾಲು ಓದುವ ಹಾಗಿರಲಿಲ್ಲ.

ಇದನ್ನು ಬೀದರಿನಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ನಿಜಾಮರ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಈ ಊರಿನ ರಂಗಮಂದಿರಕ್ಕೆ ಅವರ ಹೆಸರಿದೆ. ಬೋರ್ಡು ಯಾವ ಭಾಷೆಯದಾದರೂ ಇರಲಿ, ಒಳಗೆ ಮಗುವಿಗೆ ತಿಳಿಯುವ ಮಾತಿನಲ್ಲಿ ಪಾಠ ನಡೆಯಲಿ ಎಂಬುದು ನಮಗೆ ಹೊಸ ಉಪಾಯವೇನಲ್ಲ. ಮರಾಠಿ, ತೆಲುಗು, ಉರ್ದು, ಕನ್ನಡ ಒಂದೇ ಚಹಾದಂಗಡಿಯಲ್ಲಿ ಕಲೆಯುವ ಔರಾದಿನಲ್ಲಿ ನಾಲ್ಕು ಭಾಷೆಯಲ್ಲೂ ಬರೆಯಬಹುದು, ಯಾರು ಬೇಡವೆಂದರು?

ಜತೆಗೆ ನಾಲ್ಕು ಸಾಲು ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇಲ್ಲಿಯದೇ ಉದಾಹರಣೆ ಇದೆ. 2025ರ ಜನವರಿಯಲ್ಲಿ ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲಿ ಆಕಾಶದಿಂದ ದೊಡ್ಡ ಬಲೂನೊಂದು ಯಂತ್ರದ ಸಮೇತ ಮನೆಯ ಮೇಲೆ ಬಿದ್ದದ್ದು ನೆನಪಿರಬೇಕು. ಕೆಂಪು ದೀಪ ನೋಡಿ ಜನ ಹೆದರಿದರು. ಹೈದರಾಬಾದಿನ ಟಿಐಎಫ್‌ಆರ್ ಬಲೂನ್ ಕೇಂದ್ರ ಹಾರಿಸಿದ್ದು ಅದು ಎಂದು ಜತೆಗಿದ್ದ ಪತ್ರ ಓದಿದ ಮೇಲೆ ತಿಳಿಯಿತು. ಹೆದರಿಕೆ ಹೋಗಿ ಜನ ಸುತ್ತ ನಿಂತು ಫೋಟೋ ತೆಗೆದರು. ಕಲ್ಲಿನಲ್ಲಿ ನಿಂತು ಶಾಸನ ಬರೆಯುತ್ತಿರುವ ಶಿಲಾಬಾಲಿಕೆ ಇರುವ ಊರು ಜಲಸಂಗಿ. ಬರೆದದ್ದರ ಬೆಲೆ ಆ ಊರಿಗೆ ಗೊತ್ತು.

ಮತ್ತೆ ಗಾಡಿಗೆ ಬರುತ್ತೇನೆ. ಸೆಪ್ಟೆಂಬರ್ 2ರಂದು ಪ್ರಜ್ಞಾನ್ ನೂರು ಮೀಟರ್ ದಾಟಿತ್ತು. ಕ್ರಿಕೆಟ್ಟಿನ ಸ್ಕೋರಿನ ಹಾಗೆ, ಔಟಾಗದ ನಕ್ಷತ್ರ ಹಾಕಿ, ಇಸ್ರೋ ನೂರು ಎಂದು ಬರೆಯಿತು. ನೂರು ಮೀಟರ್ ಎಂದರೆ ಎಷ್ಟು? ಮಹಮೂದ್ ಗವಾನ್ ಮದರಸಾದ ಒಂದು ಬದಿ 205 ಅಡಿ, ಇನ್ನೊಂದು 180. ಈ ಎರಡು ಗೋಡೆಯ ಗುಂಟ ನಡೆದರೆ ಗಾಡಿ ಹತ್ತು ದಿನದಲ್ಲಿ ನಡೆದದ್ದಕ್ಕಿಂತ ಹೆಚ್ಚು ನಡೆದ ಹಾಗಾಯಿತು. ಅಷ್ಟರಲ್ಲೇ 23 ಕಡೆ ನಿಂತು ಅದು ಮಣ್ಣಿನ ಘಟಕಗಳನ್ನು ಅಳೆದಿತ್ತು. ಚಂದ್ರ ಒಂದು ಕಾಲಕ್ಕೆ ಕರಗಿದ ಶಿಲೆಯ ಸಾಗರವಾಗಿತ್ತು ಎಂಬ ಊಹೆಗೆ ಆ ಅಳತೆಗಳು ಬಲ ಕೊಟ್ಟವು. ಅದರ ಪ್ರಬಂಧ 2024ರ ಆಗಸ್ಟಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು.

ನೂರು ದಾಟಿದ ಸುದ್ದಿ ಬಂದ ಆ ಸೆಪ್ಟೆಂಬರ್ 2ರಂದೇ ಗಾಡಿಯನ್ನು ಮಲಗಿಸಿದರು. ಚಂದ್ರನ ರಾತ್ರಿ ನಮ್ಮ ಹದಿನಾಲ್ಕು ದಿನದಷ್ಟು ಉದ್ದ. ಸೆಪ್ಟೆಂಬರ್ 22ಕ್ಕೆ ಅಲ್ಲಿ ಬೆಳಗಾಗಬೇಕಿತ್ತು. ಫಲಕ ಆ ಬಿಸಿಲಿನ ಕಡೆಗೇ ತಿರುಗಿಸಿ ಇಟ್ಟಿದ್ದರು. ಬೆಳಗಾಯಿತು, ಕರೆದರು, ಓಗೊಡಲಿಲ್ಲ. ಔರಾದಿನಿಂದ ಒಂದು ವಾರ ಫೋನ್ ಬಂತು, "ಎದ್ದದೇನ್ರಿ ಸರ್?" ಆಮೇಲೆ ಅದೂ ನಿಂತಿತು.

ನಡುವೆ ಒಂದು ದಿನ ಬಿಟ್ಟಿದ್ದೇನೆ, ಬೇಕೆಂದೇ. ಸೆಪ್ಟೆಂಬರ್ 5, ಶಿಕ್ಷಕರ ದಿನ. ಭಾಲ್ಕಿಯ ಶಾಲೆಯೊಂದರಲ್ಲಿ ನನಗೂ ಒಂದು ಹೂಗುಚ್ಛ ಕೊಟ್ಟರು, ಕೆಂಪು ಜಿಲೆಟಿನ್ ಹಾಳೆ ಸುತ್ತಿದ್ದು. ಅವತ್ತೇ ಇಸ್ರೋ ವಿಕ್ರಮನ ಒಂದು ವಿಚಿತ್ರ ಚಿತ್ರ ಹೊರಬಿಟ್ಟಿತ್ತು. ಪ್ರಜ್ಞಾನದ ಎಡ ಕ್ಯಾಮೆರಾದ ಚಿತ್ರ ಕೆಂಪಿನಲ್ಲಿ, ಬಲ ಕ್ಯಾಮೆರಾದ ಚಿತ್ರ ಹಸಿರು ಕಲೆತ ನೀಲಿಯಲ್ಲಿ, ಒಂದರ ಮೇಲೊಂದು. ಬರಿಗಣ್ಣಿಗೆ ಅಚ್ಚು ತಪ್ಪಿದ ಕ್ಯಾಲೆಂಡರಿನ ಹಾಗೆ ಕಾಣುತ್ತದೆ. ನಾನು ಹೂವು ಬಿಡಿಸಿ ಹಾಳೆ ತೆಗೆದುಕೊಂಡೆ. ನೀಲಿ ಹಾಳೆ ಸ್ಟೇಷನರಿ ಅಂಗಡಿಯಲ್ಲಿ ಸಿಕ್ಕಿತು. ಲಗ್ನಪತ್ರಿಕೆಯ ರಟ್ಟು ಕತ್ತರಿಸಿ ಕನ್ನಡಕ ಮಾಡಿದೆವು. ಹಾಕಿಕೊಂಡು ನೋಡಿದ ಎಂಟನೆಯ ತರಗತಿಯ ಹುಡುಗಿ ಕೈ ಮುಂದೆ ಚಾಚಿ ಗಾಳಿಯಲ್ಲಿ ವಿಕ್ರಮನ ಕಾಲು ಹಿಡಿಯಲು ಹೋದಳು.

ಈ ಸಭೆಯ ಬಾಗಿಲ ಬಳಿ ಮೇಜಿನ ಮೇಲೆ ಅಂಥ ಅರವತ್ತು ಕನ್ನಡಕಗಳನ್ನು ಮಾಡಿ ಇಟ್ಟಿದ್ದೇನೆ, ಪಕ್ಕದ ಗೋಡೆಗೆ ಆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಅಂಟಿಸಿದ್ದೇನೆ, ಕೆಳಗೆ ಕನ್ನಡದಲ್ಲಿ ಬರೆದಿದ್ದೇನೆ. ಶಿಕ್ಷಕರು ಶಾಲೆಗೆ ಎರಡೆರಡು ಒಯ್ಯಿರಿ. ಕೆಂಪು ಎಡಗಣ್ಣಿಗೆ, ನೀಲಿ ಬಲಗಣ್ಣಿಗೆ.